ಸರದಿ ಮುಗಿಯುವ ತನಕ ಏಳಬಾರದು

ಗೆಲ್ಲುವ ತಂಡವನ್ನು ಪ್ರೀತಿಸುವುದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಅತ್ತೆಮನೆಯವರು ಸ್ಥಿತಿವಂತರಾಗಿರುವಾಗ ಅತ್ತೆಯ ಕೈಯಡುಗೆಯನ್ನು ಹೊಗಳಿದ ಹಾಗೆ. ನ್ಯೂಯಾರ್ಕಿನಲ್ಲಿ ಬೇಸ್‌ಬಾಲಿನ ದೊಡ್ಡ ತಂಡಗಳು ಎರಡು. ಊರಿನ ಬ್ರಾಂಕ್ಸ್ ಭಾಗದ್ದು ಗೆದ್ದು ಗೆದ್ದು ಬೇಸರ ಬಂದಂಥ ತಂಡ. ಅದರ ಅಭಿಮಾನಿಗಳು ಸೋತ ದಿನ ಸಿಟ್ಟಾಗುತ್ತಾರೆ, ಗೆದ್ದ ದಿನ ಬಾಕಿ ವಸೂಲಾಯಿತೆಂಬ ಮುಖ ಮಾಡುತ್ತಾರೆ. ಕ್ವೀನ್ಸ್ ಭಾಗದ ತಂಡದವರು ನಾವು. ಸೋತ ದಿನ "ಗೊತ್ತಿದ್ದದ್ದೇ" ಅನ್ನುತ್ತೇವೆ; ಗೆದ್ದ ದಿನ ಪಕ್ಕದವರ ಮುಖ ನೋಡುತ್ತೇವೆ, ನಿಜವೇ ಅಂತ.

ಇಷ್ಟು ಧೈರ್ಯವಾಗಿ ಮಾತಾಡುವ ನಾನು ಆ ಆಟವನ್ನು ಮೊದಲ ಸಲ ನೋಡಿದ್ದು ನಲವತ್ತಾರನೇ ವಯಸ್ಸಿನಲ್ಲಿ.

ಎರಡು ಸಾವಿರದ ಇಸವಿ ಹತ್ತಿರ ಬರುತ್ತಿದ್ದ ಕಾಲ ಅದು. ಹಳೆಯ ಕಂಪ್ಯೂಟರುಗಳು ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟುಕೊಂಡಿದ್ದವು. ಸೊನ್ನೆ ಸೊನ್ನೆ ಬಂದ ದಿನ ಲೋಕವೇ ತಲೆಕೆಳಗಾಗುತ್ತದೆಂದು ಅಮೆರಿಕದವರಿಗೆ ಭಯ ಹುಟ್ಟಿತ್ತು. ಆ ಭಯದಿಂದಾಗಿ ಕೋಬಾಲ್ ಎಂಬ ಹಳೇ ಕಂಪ್ಯೂಟರ್ ಭಾಷೆ ಬಲ್ಲ ನನ್ನಂಥ ಕೈಗಳಿಗೆ ಇದ್ದಕ್ಕಿದ್ದಂತೆ ಮರ್ಯಾದೆ ಬಂತು. ಮೈಸೂರಿನ ಕಾರ್ಖಾನೆಯೊಂದರಲ್ಲಿ ಸಂಬಳದ ಪಟ್ಟಿ ಮುದ್ರಿಸುತ್ತ ಇಪ್ಪತ್ತು ವರ್ಷ ಕಳೆದಿದ್ದವನನ್ನು ಕರೆತಂದು ನ್ಯೂಜೆರ್ಸಿಯ ಪಿಸ್ಕಾಟವೇಯ ಒಂದು ಆಫೀಸಿನಲ್ಲಿ ಕೂರಿಸಿದರು. ಹೆಂಡತಿ ಮೈಸೂರಿನಲ್ಲಿ ಹೈಸ್ಕೂಲ್ ಮೇಡಂ, ಮಗಳು ಪಿಯುಸಿ. "ನೀವು ಹೋಗಿ ಬನ್ನಿ, ನಾವೆಲ್ಲಿಗೆ ಬರೋದು" ಅಂದುಬಿಟ್ಟರು.

ನನ್ನ ಜೊತೆ ಅಪಾರ್ಟ್‌ಮೆಂಟಿನಲ್ಲಿದ್ದ ಮೂವರೂ ಇಪ್ಪತ್ತೈದು ದಾಟದವರು. ಒಳ್ಳೆಯವರೇ. ನನ್ನ ತಟ್ಟೆಯನ್ನೂ ತೊಳೆದಿಡುತ್ತಿದ್ದರು. ಆದರೆ ನಾನು ಹಾಲ್‌ಗೆ ಬಂದರೆ ನಗು ನಿಲ್ಲುತ್ತಿತ್ತು. "ಅಂಕಲ್, ಟೀವಿ ಸೌಂಡ್ ಜಾಸ್ತಿ ಆಯ್ತಾ?" ಅನ್ನುತ್ತಿದ್ದರು. ಶುಕ್ರವಾರ ಸಂಜೆ ಎಲ್ಲಿಗಾದರೂ ಹೊರಡುವಾಗ ಬಾಗಿಲ ಹತ್ತಿರ ನಿಂತು, "ಅಂಕಲ್, ನೀವೂ ಬರ್ತೀರಾ?" ಅಂತ ಕೇಳುತ್ತಿದ್ದರು. ಎಲೆ ತೆಗೆದಾದ ಮೇಲೆ "ಊಟ ಮಾಡ್ಕೊಂಡು ಹೋಗಬಹುದಿತ್ತು" ಅಂತಾರಲ್ಲ, ಅಂಥ ಕರೆ. "ಇಲ್ಲಪ್ಪ, ನೀವು ಹೋಗ್ಬನ್ನಿ" ಅನ್ನುತ್ತಿದ್ದೆ. ಆಮೇಲೆ ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಯಾರೋ "ಹೌ ವಾಸ್ ಯುವರ್ ವೀಕೆಂಡ್" ಅನ್ನುವವರೆಗೆ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಎಷ್ಟೋ ಸೋಮವಾರ "ಗುಡ್" ಅನ್ನಲು ಹೋದರೆ ಗಂಟಲಿನಿಂದ ಮೊದಲು ಕೆಮ್ಮು ಬರುತ್ತಿತ್ತು.

ಕರಿಬೇವು, ಹುಣಿಸೆಹಣ್ಣು ನೆಪ ಮಾಡಿಕೊಂಡು ಶನಿವಾರ ಕ್ವೀನ್ಸಿನ ಜ್ಯಾಕ್ಸನ್ ಹೈಟ್ಸಿನ ಇಂಡಿಯನ್ ಅಂಗಡಿಗಳಿಗೆ ಹೋಗುವ ಅಭ್ಯಾಸ ಮಾಡಿಕೊಂಡೆ. ನಮ್ಮ ಪಕ್ಕದ ಎಡಿಸನ್ನಿನಿಂದ ಒಂದು ರೈಲು, ನ್ಯೂಯಾರ್ಕಿನಲ್ಲಿಳಿದು ಏಳನೇ ನಂಬರಿನ ಇನ್ನೊಂದು. ನಿಜ ಹೇಳಬೇಕೆಂದರೆ ಕರಿಬೇವು ಎಡಿಸನ್ನಿನಲ್ಲೇ ಸಿಗುತ್ತಿತ್ತು. ಒಂದು ಏಪ್ರಿಲ್ ಮಧ್ಯಾಹ್ನ ಆ ರೈಲಿನ ತುಂಬ ನೀಲಿ, ಕಿತ್ತಳೆ ಬಣ್ಣದ ಟೋಪಿಗಳು. ತಾತಂದಿರು, ಸೊಂಟದ ಮೇಲೆ ಮಗು ಇಟ್ಟುಕೊಂಡ ತಾಯಂದಿರು, ಪಾದ್ರಿಯಂತೆ ಕಾಣುವ ಒಬ್ಬರು. ಪರಿಚಯವಿಲ್ಲದವರೆಲ್ಲ ಒಬ್ಬರಿಗೊಬ್ಬರು ಮಾತಾಡುತ್ತಿದ್ದರು. ಆ ರೈಲಿನಲ್ಲಿ ಅದು ಎಂಥ ಅಪರೂಪ ಎಂಬುದು ಅದರಲ್ಲಿ ಓಡಾಡಿದವರಿಗೆ ಗೊತ್ತು. ನಾನಿಳಿಯಬೇಕಾದ ಎಪ್ಪತ್ತನಾಲ್ಕನೇ ಬೀದಿಯ ಸ್ಟೇಷನ್ ಬಂತು, ಬಾಗಿಲು ತೆರೆಯಿತು, ನಾನು ಇಳಿಯಲಿಲ್ಲ. ಜಾತ್ರೆಗೆ ಹೋಗುವವರ ಹಿಂದೆ ದಾರಿತಪ್ಪಿದ ಕರು ಹೋದ ಹಾಗೆ ಹೋದೆ.

ಕ್ವೀನ್ಸ್ ತಂಡದ ಮೈದಾನದಲ್ಲಿ ಟಿಕೆಟ್ ಕೊಂಡು ಮೇಲಿನ ಗ್ಯಾಲರಿಯಲ್ಲಿ ಸಿಕ್ಕಿದ ಸೀಟಿನಲ್ಲಿ ಕೂತೆ. ನನ್ನ ಬಲಗಡೆಯದು ಖಾಲಿ ಸೀಟು. ಅದರ ಮೇಲೆ ಮಡಿಸಿಟ್ಟ ಒಂದು ನೀಲಿ ಜಾಕೆಟ್. ಅದರಾಚೆ ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು, ತೊಡೆಯ ಮೇಲೆ ಆಟದ ಲೆಕ್ಕ ಬರೆಯುವ ಉದ್ದನೆಯ ಪುಸ್ತಕ, ಕಿವಿಯ ಹಿಂದೆ ಪೆನ್ಸಿಲ್. ಆಟ ಶುರುವಾದ ಹತ್ತು ನಿಮಿಷಕ್ಕೆ ನಾನು ನೀರು ಕುಡಿದು ಬರೋಣವೆಂದು ಎದ್ದೆ.

"ಕೂತ್ಕೋ!"

ಕೂತೆ. ಅಂಥ ದನಿ ಅದು.

ಆಕೆ ಮಾತಾಡುತ್ತಿದ್ದದ್ದು ಕ್ವೀನ್ಸಿನ ಇಂಗ್ಲಿಷು. ನನ್ನ ನೆನಪಿನಲ್ಲಿ ಮಾತ್ರ ಎಲ್ಲವೂ ಕನ್ನಡದಲ್ಲಿ, ಅದೂ ಒಂಟಿಕೊಪ್ಪಲಿನಲ್ಲಿ ನನ್ನನ್ನು ಬೆಳೆಸಿದ ಅಜ್ಜಿಯ ಕನ್ನಡದಲ್ಲಿ ಉಳಿದುಕೊಂಡಿದೆ. ಅದನ್ನು ಹಾಗೆಯೇ ಬರೆಯುತ್ತೇನೆ.

"ಬ್ಯಾಟರ್ ನಿಂತಿದಾನೆ, ಕಾಣಲ್ವಾ? ಅವನ ಸರದಿ ಮುಗಿಯೋ ತನಕ ಏಳಬಾರದು. ಹಿಂದಿರೋರಿಗೆ ನಿನ್ನ ಬೆನ್ನು ನೋಡೋಕೆ ಟಿಕೆಟ್ ಕೊಟ್ಟಿಲ್ಲ."

"ಎಲ್ಲಿ ಬರೆದಿದೆ ಮೇಡಂ?"

"ಎಲ್ಲೂ ಬರೆದಿಲ್ಲ. ಅದಕ್ಕೇ ಪಾಲಿಸಬೇಕು. ಬರೆದಿದ್ದನ್ನ ಪೊಲೀಸರು ನೋಡ್ಕೋತಾರೆ."

ಆಕೆ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಐವತ್ತು ಮಕ್ಕಳ ಗದ್ದಲದ ಮೇಲೆ ಕೇಳಿಸುವಂತೆ ಮಾತಾಡಿ ಅಭ್ಯಾಸ. ಅಷ್ಟೇ ನನಗೆ ಗೊತ್ತಾದದ್ದು. ಹೆಸರು ಕೇಳಲಿಲ್ಲ, ಆಕೆಯೂ ಕೇಳಲಿಲ್ಲ. ಗ್ಯಾಲರಿಯಲ್ಲಿ ಆಟದ ಬಗ್ಗೆ ಏನು ಬೇಕಾದರೂ ಕೇಳಬಹುದು, ಮನೆಯ ಬಗ್ಗೆ ಕೇಳಬಾರದು. ಇದೂ ಬರೆಯದ ನಿಯಮವೇ. ಮೊದಲ ದಿನವೇ "ನಿಮಗೆ ಮಕ್ಕಳೆಷ್ಟು?" ಅಂತ ಕೇಳಲು ಹೋಗಿ, ಆಕೆ ನನ್ನನ್ನು ನೋಡಿದ ರೀತಿಗೆ ಮಾತನ್ನು ನುಂಗಿಕೊಂಡೆ. ನಮ್ಮ ಕಡೆ ಅದನ್ನು ಕೇಳದಿದ್ದರೆ ಮರ್ಯಾದೆಗೇಡು, ಅಲ್ಲಿ ಕೇಳಿದರೆ.

ಮುಂದಿನ ಮಧ್ಯಾಹ್ನದ ಆಟಕ್ಕೂ ಹೋದೆ. ಕೌಂಟರಿನಲ್ಲಿ ಸಾಲು, ನಂಬರು ಹೇಳಿ ಅದೇ ಸೀಟು ಕೇಳಿ ಪಡೆದೆ. ಮೇಲಿನ ಗ್ಯಾಲರಿ ತುಂಬುವುದು ಅಪರೂಪ. ಆಕೆ ನನ್ನನ್ನು ನೋಡಿ, "ಬಂದ್ಯಾ? ಹೋದ ಸಲದ್ದು ನೆನಪಿದ್ಯಾ, ಇಲ್ಲ ಮೊದಲಿಂದ ಹೇಳಬೇಕಾ?" ಅಂದಳು. ಅಷ್ಟೇ. ನನಗೆ ಶನಿವಾರಗಳು ಬಂದವು.

ಬೇಸಿಗೆ ಇಡೀ ಆಕೆ ನನಗೆ ಪಾಠ ಹೇಳಿದಳು. ಹೋಮ್ ರನ್, ಅಂದರೆ ನಮ್ಮ ಸಿಕ್ಸರಿನಂಥದ್ದು, ಹೊಡೆದವನು ಚೆಂಡು ಹಾರುವುದನ್ನು ನಿಂತು ನೋಡಬಾರದು, ತಲೆ ತಗ್ಗಿಸಿ ಓಡಬೇಕು. ನೂರು ಹೊಡೆದ ಕೂಡಲೇ ಬ್ಯಾಟೆತ್ತಿ ನಾಲ್ಕು ದಿಕ್ಕಿಗೂ ತೋರಿಸುವ ಕ್ರಿಕೆಟ್ ನೋಡಿ ಬೆಳೆದವನಿಗೆ ಇದು ಜಿಪುಣತನ ಅನ್ನಿಸಿತು. ಹೇಳಿದೆ. "ಚೆಂಡೆಸೆಯೋ ಪಿಚರ್‌ಗೂ ಒಬ್ಬಳು ತಾಯಿ ಇರ್ತಾಳೆ, ಅವಳೂ ಟೀವಿ ನೋಡ್ತಿರ್ತಾಳೆ" ಅಂದಳು.

ನಮ್ಮವನೊಬ್ಬನಿಗೆ ಎದುರು ತಂಡದ ಪಿಚರ್ ಬೇಕಂತಲೇ ಚೆಂಡು ಬಡಿದರೆ, ಮುಂದಿನ ಇನ್ನಿಂಗ್ಸಿನಲ್ಲಿ (ಅಲ್ಲಿ ಒಂದು ಆಟಕ್ಕೆ ಒಂಬತ್ತು ಇನ್ನಿಂಗ್ಸ್) ನಮ್ಮ ಪಿಚರ್ ಅವರವನೊಬ್ಬನಿಗೆ ಬಡಿಯಬೇಕಂತೆ. ಇದನ್ನು ಮಾತ್ರ ನಾನು ಒಪ್ಪಲಿಲ್ಲ. "ಮಾಡಿದವನೊಬ್ಬ, ತಿನ್ನುವವನೊಬ್ಬ. ಇದ್ಯಾವ ನ್ಯಾಯ?" ಅಂತ ಜಗಳ ಆಡಿದೆ. "ನೀನು ತಂಡದಲ್ಲಿ ಇದ್ದವನಲ್ಲ" ಅಂದಳು. "ನೀವು ಇದ್ದಿರಾ?" ಅಂದೆ. ಎರಡು ಇನ್ನಿಂಗ್ಸ್ ಮಾತು ಬಿಟ್ಟಳು. ಮೂರನೆಯದಕ್ಕೆ ಜಾಕೆಟ್ಟಿನ ಮೇಲಿಂದ ಕೈ ಚಾಚಿ ಕಡಲೆಕಾಯಿ ಪೊಟ್ಟಣ ಹಿಡಿದಳು.

ಒಂದು ನಿಯಮ ಮಾತ್ರ ನನಗೆ ಹೇಳಿಕೊಡಬೇಕಾಗಲಿಲ್ಲ. ಪಿಚರ್ ಐದಾರು ಇನ್ನಿಂಗ್ಸ್ ಒಬ್ಬರಿಗೂ ಹಿಟ್, ಅಂದರೆ ಹೊಡೆದು ಓಡುವ ಅವಕಾಶ, ಕೊಡದೆ ಹಾಕುತ್ತಿದ್ದರೆ ಆ ವಿಷಯ ಬಾಯಿ ಬಿಟ್ಟು ಆಡಬಾರದು. ಒಂದು ದಿನ ಹಾಗಾಯಿತು. ನಮ್ಮ ಎಡಗೈ ಪಿಚರ್ ಹಾಕುತ್ತಿದ್ದಾನೆ, ಬೋರ್ಡಿನಲ್ಲಿ ಸೊನ್ನೆ, ಗ್ಯಾಲರಿಯಲ್ಲಿ ಎಲ್ಲರೂ ಹವಾಮಾನದ ಬಗ್ಗೆ ಮಾತಾಡುತ್ತಿದ್ದಾರೆ. ನಾನೂ ಮೋಡ ನೋಡುತ್ತ ಕೂತೆ. ಆಕೆ ಓರೆಗಣ್ಣಿನಲ್ಲಿ ನನ್ನನ್ನು ನೋಡಿ, "ನಿನಗೆ ಯಾರು ಹೇಳಿದ್ರು?" ಅಂದಳು. "ನಮ್ಮಜ್ಜಿ" ಅಂದೆ. ಮಗು ಗುಂಡಗಿದೆ ಅಂತ ಹೊಗಳಬಾರದು, ಹಾಲು ಉಕ್ಕುವ ಮೊದಲೇ ಉಕ್ಕಿತು ಅನ್ನಬಾರದು, ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು. ಇಂಥವನ್ನೆಲ್ಲ ಕುಡಿದೇ ಬೆಳೆದವನು ನಾನು. ಎಂಟನೇ ಇನ್ನಿಂಗ್ಸಿನಲ್ಲಿ ಹಿಟ್ ಬಂತು. ನಮ್ಮಿಂದ ಅಲ್ಲ. ಎರಡು ಸಾಲು ಕೆಳಗೆ ಒಬ್ಬ ಬಾಯಿ ಬಿಟ್ಟಿದ್ದ. ಇಡೀ ಸಾಲು ಅವನನ್ನು ಮನೆಹಾಳನನ್ನು ನೋಡುವ ಹಾಗೆ ನೋಡಿತು.

ಆಟಗಾರರಲ್ಲಿ ಆಕೆಗೆ ದೊಡ್ಡ ಹೆಸರಿನವರು ಮೆಚ್ಚುಗೆಯಾಗುತ್ತಿರಲಿಲ್ಲ. ಬದಲಿ ಕ್ಯಾಚರ್ ಒಬ್ಬನಿದ್ದ, ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ. ವಾರಕ್ಕೊಮ್ಮೆ ಆಡಲು ಸಿಕ್ಕಿದರೆ ಹೆಚ್ಚು. ಔಟಾಗುವುದು ಖಚಿತ ಅಂತ ಗೊತ್ತಿದ್ದರೂ ಮೊದಲ ಬೇಸ್ ಎಂಬ ನೆಲೆಯ ಕಡೆಗೆ ಬಿದ್ದಂಬೀಳ ಓಡುತ್ತಿದ್ದ. "ನೋಡು, ನೋಡು, ಬಸ್ಸು ತಪ್ಪಿಹೋದ ಹುಡುಗನ ಹಾಗೆ ಓಡ್ತಾನೆ. ಇಂಥವನಿಗೆ ನಾನು ಯಾವಾಗಲೂ ನಿಲ್ಲಿಸ್ತಿದ್ದೆ" ಅನ್ನುತ್ತಿದ್ದಳು. ನನಗೂ ಅವನೇ ಇಷ್ಟವಾದ. ಅವನು ಈಗ ಎಲ್ಲಿದ್ದಾನೋ.

ಇನ್ನು ನಮ್ಮ ನಡುವೆ ಇದ್ದ ಸೀಟಿನ ವಿಷಯ. ಜೂನ್ ತಿಂಗಳಲ್ಲಿ ಆಕೆಯೇ ಹೇಳಿದಳು. ಅದು ತಮ್ಮನ ಸೀಟು. ಅಕ್ಕ, ತಮ್ಮ ಇಬ್ಬರೂ ಚಿಕ್ಕಂದಿನಿಂದ ಜೊತೆಯಾಗಿ ಆಟ ನೋಡುತ್ತ ಬಂದವರು. ಇಡೀ ವರ್ಷದ್ದು ಎರಡು ಸೀಟು ಒಟ್ಟಿಗೆ ಕೊಳ್ಳುತ್ತಿದ್ದರು. ನಾಲ್ಕು ವರ್ಷದ ಹಿಂದೆ ಒಂದು ದಿನ ತಂಡ ಆರು ರನ್ ಹಿಂದಿತ್ತು, ಎಂಟನೇ ಇನ್ನಿಂಗ್ಸ್. ತಮ್ಮ ಎದ್ದು, "ಮಂಡಿ ನೋಯ್ತಿದೆ, ಟ್ರಾಫಿಕ್ ಬೇರೆ. ನಾನು ಕಾರ್ ತೆಗೆದಿರ್ತೀನಿ, ನೀನು ಬಾ" ಅಂತ ಹೊರಟುಹೋದ. ಒಂಬತ್ತನೆಯದರಲ್ಲಿ ನಮ್ಮವರು ಏಳು ರನ್ ಹೊಡೆದು ಗೆದ್ದರು. ಈಕೆ ಕುಣಿಯುತ್ತ ಕೆಳಗಿಳಿದು ಕಾರಿನ ಹತ್ತಿರ ಹೋಗಿ ಏನೋ ಅಂದಳು. ಅಂದಿನಿಂದ ತಮ್ಮ ಬರಲಿಲ್ಲ, ಫೋನೂ ಎತ್ತಲಿಲ್ಲ.

"ಏನಂದ್ರಿ?"

"ಕೊನೇ ಔಟ್ ಆಗೋ ಮುಂಚೆ ಎದ್ದು ಹೋಗೋನಿಗೆ ಗೆಲುವಿನಲ್ಲಿ ಪಾಲಿಲ್ಲ ಅಂದೆ."

"ಅಷ್ಟಕ್ಕೇ ನಾಲ್ಕು ವರ್ಷ ಮಾತು ಬಿಟ್ರಾ?"

ಆಕೆ ಪೆನ್ಸಿಲ್ಲಿನ ಮೊನೆ ನೋಡಿದಳು. "ಪ್ರತಿ ಏಪ್ರಿಲ್‌ಗೆ ಅವನ ಟಿಕೆಟುಗಳನ್ನ ಪೋಸ್ಟ್‌ನಲ್ಲಿ ಕಳಿಸ್ತೀನಿ. ವಾಪಸ್ ಬಂದಿಲ್ಲ. ಅಂದ್ರೆ ಇಟ್ಕೊಂಡಿದಾನೆ. ಯಾವತ್ತಾದ್ರೂ ಬರ್ತಾನೆ. ಬಂದಾಗ ಸೀಟು ಖಾಲಿ ಇರಬೇಕು, ಅಷ್ಟೇ ನನಗೆ."

ಅದಕ್ಕೇ ಆ ಜಾಕೆಟ್. ಪಕ್ಕದ ಸಾಲಿನವರು ಚೀಲ ಇಡಲು ಬಂದರೂ ಆಕೆ ಬಿಡುತ್ತಿರಲಿಲ್ಲ. ನಾನು ಒಮ್ಮೆ ಮರೆತು ನನ್ನ ಛತ್ರಿ ಇಟ್ಟು ಬೈಸಿಕೊಂಡಿದ್ದೆ. ಇದೆಲ್ಲ ನನಗೆ ಗೊತ್ತಿದ್ದದ್ದು. ಗೊತ್ತಿದ್ದೂ ಮಾಡಿದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಸೆಪ್ಟೆಂಬರಿನ ಒಂದು ಶನಿವಾರ. ಇನ್ನು ಒಂದೋ ಎರಡೋ ಮಧ್ಯಾಹ್ನದ ಆಟ ಉಳಿದಿತ್ತು. ಐದನೇ ಇನ್ನಿಂಗ್ಸ್ ಮುಗಿದು ಆಟಗಾರರು ಬದಲಾಗುವಾಗ ಆಕೆ ನಿಂಬೆ ಪಾನಕ ತರಲು ಎದ್ದು ಹೋದಳು. ಆಗ ಬೆನ್ನ ಹಿಂದಿನಿಂದ ಕನ್ನಡ ಕೇಳಿಸಿತು.

"ರೀ, ಅಮ್ಮನ್ನ ಅಷ್ಟು ಮೇಲೆ ಒಬ್ಬರನ್ನೇ ಕೂರಿಸೋಕಾಗುತ್ತಾ? ನಿಮಗೆ ಟಿಕೆಟ್ ತಗೊಳ್ಳೋವಾಗ ತಲೆ ಎಲ್ಲಿತ್ತು?"

"ಮೂರೇ ಒಟ್ಟಿಗೆ ಸಿಕ್ಕಿದ್ದು ಕಣೇ. ನಾನು ಹೋಗ್ತೀನಿ ಮೇಲೆ, ನೀವು ಮೂರು ಜನ ಇಲ್ಲಿರಿ."

"ಡ್ಯಾಡಿ, ಐ ವಾಂಟ್ ಟು ಸಿಟ್ ವಿತ್ ಯೂ!" ಅಂತ ಒಂದು ಪುಟ್ಟ ಹುಡುಗಿ.

ತಿರುಗಿ ನೋಡಿದೆ. ಗಂಡ, ಹೆಂಡತಿ, ಮಗು. ಅವರ ಹಿಂದೆ ಮೆಟ್ಟಿಲಿನ ಕಂಬಿ ಹಿಡಿದುಕೊಂಡು ನಿಂತಿದ್ದ ಒಬ್ಬ ವಯಸ್ಸಾದಮ್ಮ. ಮೈಸೂರು ಸಿಲ್ಕ್ ಸೀರೆ, ಅದರ ಮೇಲೆ ಅಳಿಯನ ಸ್ವೆಟರ್, ಕಾಲಿಗೆ ಬಿಳೀ ಕ್ಯಾನ್ವಾಸ್ ಶೂ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು.

ಸಂಸಾರಸ್ಥರ ಮನೆಮಾತಿನ ಕನ್ನಡ ಎಷ್ಟೋ ತಿಂಗಳಿಂದ ನನ್ನ ಕಿವಿಗೆ ಬಿದ್ದಿರಲಿಲ್ಲ. ಫೋನಿನಲ್ಲಿ ಬರುವುದು ಬೇರೆ. ಇದು ಎದುರಿಗೆ, ಗಾಳಿಯಲ್ಲಿ, ಉಸಿರಿನ ಸಮೇತ. ನನ್ನ ಬುದ್ಧಿ ನನ್ನ ಕೈಯಲ್ಲಿರಲಿಲ್ಲ.

"ಅಮ್ಮ, ಬನ್ನಿ ಬನ್ನಿ, ಇಲ್ಲಿ ಕೂತ್ಕೊಳ್ಳಿ. ಖಾಲಿ ಇದೆ" ಅಂದೆ. ಅಂದವನೇ ಆ ನೀಲಿ ಜಾಕೆಟ್ಟನ್ನೆತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡೆ.

"ಅಯ್ಯೋ, ಕನ್ನಡದವರಾ!" ಅಂತ ಆ ಅಮ್ಮನ ಮಗಳು ಕೂಗಿಕೊಂಡಳು. "ನಾವು ನ್ಯೂಜೆರ್ಸಿ, ಮಾನ್ಮತ್ ಜಂಕ್ಷನ್ ಅಂಕಲ್. ಅಮ್ಮ ಹೋದ ತಿಂಗಳು ಬಂದ್ರು. ಮನೇಲಿ ಕೂತು ಕೂತು ಬೇಜಾರು ಅಂದ್ರು, ಅದಕ್ಕೆ ಕರ್ಕೊಂಡು ಬಂದ್ವಿ."

ಅಮ್ಮ ಕೂತರು. ಕೂತು ಎರಡು ನಿಮಿಷಕ್ಕೆ ಚೀಲದಿಂದ ಕೋಡುಬಳೆ ಡಬ್ಬಿ ಹೊರಗೆ ಬಂತು. "ತಗೊಳ್ಳಪ್ಪ. ನಿಮ್ಮದು ಯಾವ ಮೊಹಲ್ಲಾ? ಒಂಟಿಕೊಪ್ಪಲೇ? ನಮ್ಮ ನಾದಿನಿ ಅಲ್ಲೇ ಇದ್ದದ್ದು. ಹೆಂಡತಿ ಮಕ್ಕಳು? ಅಲ್ಲೇ ಇದಾರಾ? ಅಯ್ಯೋ ಪಾಪ, ಊಟಕ್ಕೇನು ಮಾಡ್ಕೋತೀಯ?" ಒಂದೇ ಉಸಿರಿನಲ್ಲಿ ನೀವು ಹೋಗಿ ನೀನು ಆಗಿದ್ದೆ. ಕೋಡುಬಳೆ ಕಚ್ಚಿದೆ. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂತ ಹೇಳಿದೆ.

ಅಷ್ಟರಲ್ಲಿ ಆಕೆ ಪಾನಕ ಹಿಡಿದು ಬಂದಳು. ಸೀಟಿನಲ್ಲಿದ್ದ ಅಮ್ಮನನ್ನು ನೋಡಿದಳು. ನನ್ನ ತೊಡೆಯ ಮೇಲಿದ್ದ ಜಾಕೆಟ್ ನೋಡಿದಳು. ಅಮ್ಮ ಎರಡೂ ಕೈ ಜೋಡಿಸಿ, "ನಮಸ್ಕಾರ ತಾಯಿ" ಅಂದರು. ಕೈ ಮುಗಿದವರನ್ನು ಎಬ್ಬಿಸುವುದು ಹೇಗೆ? ಆಕೆ ತಲೆಯಾಡಿಸಿ ತನ್ನ ಸೀಟಿನಲ್ಲಿ ಕೂತಳು. "ಒಂದೇ ಇನ್ನಿಂಗ್ಸ್, ವಯಸ್ಸಾದವರು..." ಅಂದೆ.

"ಇಟ್ಸ್ ಓಕೆ" ಅಂದಳು. ಐದು ತಿಂಗಳಲ್ಲಿ ಆಕೆ ನನ್ನ ಜೊತೆ ಆಡಿದ ಮೊದಲ ಸೌಜನ್ಯದ ಮಾತು ಅದು. ನನಗೆ ಭಯವಾಯಿತು.

"ಇವರಿಗೆ ಮಕ್ಕಳೆಷ್ಟು ಕೇಳು" ಅಂದರು ಅಮ್ಮ.

"ಕೇಳಬಾರದಮ್ಮ ಇಲ್ಲಿ."

"ಅದ್ಯಾಕೆ? ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ."

ಆರನೇ ಇನ್ನಿಂಗ್ಸ್. ನಮ್ಮ ಬದಲಿ ಕ್ಯಾಚರ್ ಬ್ಯಾಟಿಗೆ ಬಂದಿದ್ದ. ಎರಡು ಸ್ಟ್ರೈಕ್, ಮೂರು ಬಾಲ್ (ಬಾಲ್ ಅಂದರೆ ನಮ್ಮ ವೈಡಿನ ಹಾಗೆ; ಮೂರನೇ ಸ್ಟ್ರೈಕಿಗೆ ಔಟು, ನಾಲ್ಕನೇ ಬಾಲಿಗೆ ಪುಕ್ಕಟೆ ಮೊದಲ ಬೇಸು). ಅಂದರೆ ಮುಂದಿನ ಚೆಂಡಿನಲ್ಲಿ ಏನಾದರೂ ಒಂದು ತೀರ್ಮಾನವಾಗಬೇಕು, ಅವನು ಫೌಲ್ ಹೊಡೆಯದಿದ್ದರೆ. ಚೆಂಡು ಗೆರೆಯಾಚೆ ಫೌಲ್ ಹೋದರೆ ಔಟೂ ಇಲ್ಲ, ರನ್ನೂ ಇಲ್ಲ, ಸರದಿ ಹಾಗೇ ಮುಂದುವರಿಯುತ್ತದೆ. ಅವನು ಫೌಲ್ ಹೊಡೆದ. ಮತ್ತೊಂದು ಫೌಲ್.

ಆಕೆಯ ಪೆನ್ಸಿಲ್ ನಿಂತದ್ದು ನನಗೆ ಕಾಣಿಸಿತು.

"ಅವನು" ಅಂದಳು.

ಮೆಟ್ಟಿಲ ಬಾಯಲ್ಲಿ, ನಮ್ಮ ಸಾಲಿನಿಂದ ಹತ್ತು ಹೆಜ್ಜೆ ಕೆಳಗೆ, ಹಳೇ ಟೋಪಿ ಹಾಕಿದ ಒಬ್ಬ ಮುದುಕ ನಿಂತಿದ್ದ. ಕೈಯಲ್ಲಿ ಟಿಕೆಟ್. ಟಿಕೆಟ್ ನೋಡಿದ, ನಮ್ಮ ಸಾಲು ನೋಡಿದ. ಸೀಟಿನಲ್ಲಿ ಕೂತು ಕೋಡುಬಳೆ ಮುರಿಯುತ್ತಿದ್ದ ಅಮ್ಮನನ್ನು ನೋಡಿದ. ಇನ್ನೊಮ್ಮೆ ಟಿಕೆಟ್ ನೋಡಿದ.

"ಕರೀರಿ! ಹೋಗಿ ಕರೀರಿ!" ಅಂದೆ.

"ಸರದಿ ಮುಗೀಲಿ."

"ಏನು ಸರದಿ! ಎದ್ದು ಹೋಗ್ರೀ!"

ಫೌಲ್. ಆಕೆ ಎರಡೂ ಕೈಯಲ್ಲಿ ಪುಸ್ತಕ ಹಿಡಿದುಕೊಂಡಿದ್ದಳು. ನಿಯಮಕ್ಕೆ ಕೂತಿದ್ದಳೋ, ತಮ್ಮನ ಎದುರಿಗೆ ಹೋಗಲು ಅಂಜಿ ಕೂತಿದ್ದಳೋ, ನನಗೆ ಗೊತ್ತಾಗಲಿಲ್ಲ. ಪಿಚರ್ ಚೆಂಡನ್ನು ಉಜ್ಜುತ್ತ ನಿಂತ. ಮೇಲೆ ವಿಮಾನವೊಂದು ಹೋಯಿತು. ಅದರ ಸದ್ದು ಮುಗಿಯಲೆಂದು ಬ್ಯಾಟರ್ ತಾನು ನಿಲ್ಲುವ ಚೌಕದಿಂದ ಆಚೆ ಬಂದ. ಒಳಗೆ ಹೋದ. ಫೌಲ್. ಆ ಮುದುಕ ಟಿಕೆಟ್ಟನ್ನು ಜೇಬಿಗೆ ಹಾಕಿಕೊಂಡು ತಿರುಗಿದ.

ನಾನು ಎದ್ದೆ. "ಕೂತ್ಕೊಳ್ಳೋ!" ಅಂತ ಹಿಂದಿನ ನಾಲ್ಕು ಸಾಲು ಒಟ್ಟಿಗೆ ಕೂಗಿತು. ಯಾರದೋ ಮಂಡಿ, ಯಾರದೋ ಬಿಯರ್ ದಾಟಿಕೊಂಡು ಮೆಟ್ಟಿಲಿಗೆ ಬಂದೆ, ಇಳಿದೆ, ಇಳಿಜಾರಿನ ಹಾದಿಗೆ ಬಂದೆ. ತುಂಬ ಜನ. ಎಲ್ಲರ ತಲೆಯ ಮೇಲೂ ಅದೇ ನೀಲಿ ಟೋಪಿ. ಕೂಗೋಣ ಅಂತ ಬಾಯಿ ತೆರೆದೆ. ಏನೆಂದು ಕೂಗುವುದು? ಆತನ ಹೆಸರಿರಲಿ, ಅಕ್ಕನ ಹೆಸರೂ ನನಗೆ ಗೊತ್ತಿರಲಿಲ್ಲ. "ಸರ್! ಸರ್!" ಅಂದೆ. ಹತ್ತು ಜನ ತಿರುಗಿದರು. ಯಾರೂ ಆತನಲ್ಲ. ಒಂದು ಸುತ್ತು ಕೆಳಗೆ, ಇನ್ನೊಂದು ಸುತ್ತು ಕೆಳಗೆ, ಗೇಟಿನ ತನಕ ಓಡಿದೆ. ಆಚೆ ಪಾರ್ಕಿಂಗ್ ಲಾಟು, ಸಾವಿರ ಕಾರು, ಬಿಸಿಲು.

ವಾಪಸ್ ಬಂದಾಗ ಅಮ್ಮ ಸೀಟು ಬಿಟ್ಟು ಎದ್ದಿದ್ದರು. ಮೆಟ್ಟಿಲ ಹತ್ತಿರ ನನ್ನ ತೋಳು ಹಿಡಿದು, "ನಾನು ಕೂತಿದ್ದು ತಪ್ಪಾಯ್ತೇನಪ್ಪ?" ಅಂದರು. ಭಾಷೆ ಬಾರದಿದ್ದರೂ ಎಲ್ಲ ಅರ್ಥವಾಗಿತ್ತು ಅವರಿಗೆ. "ಇಲ್ಲಮ್ಮ, ಕೂರಿಸಿದ್ದು ತಪ್ಪು" ಅಂದೆ. ಅಳಿಯ ಅವರನ್ನು ಹಿಂದಿನ ಸಾಲಿನ ತನ್ನ ಸೀಟಿನಲ್ಲಿ ಕೂರಿಸಿ ತಾನು ಮೇಲೆ ಹೋದ.

ನಾನು ಕೂತೆ. ಜಾಕೆಟ್ ಮತ್ತೆ ಅದರ ಜಾಗದಲ್ಲಿತ್ತು. ಆಕೆ ಪುಸ್ತಕದಲ್ಲಿ ಆ ಸರದಿಯನ್ನು ಬರೆದು ಮುಗಿಸಿದ್ದಳು. ಹನ್ನೆರಡು ಚೆಂಡು, ಕೊನೆಗೆ ನಾಲ್ಕನೇ ಬಾಲ್, ಬ್ಯಾಟರ್ ನಡೆದುಕೊಂಡು ಮೊದಲ ಬೇಸ್‌ಗೆ. ಏನೂ ಆಗದ ಸರದಿ.

"ಸಿಕ್ಕಿದನಾ?"

"ಇಲ್ಲ. ತಪ್ಪು ನನ್ನದು."

"ನಿನ್ನದೂ ಹೌದು." ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಳು. "ಆವತ್ತು ಕಾರಿನ ಹತ್ತಿರ ನಾನು ಇನ್ನೊಂದು ಮಾತು ಅಂದಿದ್ದೆ. ನಿನಗೆ ಹೇಳಿರಲಿಲ್ಲ. ಅಮ್ಮ ಸಾಯೋವಾಗಲೂ ನೀನು ಹೀಗೇ ಎದ್ದು ಹೋದವನು ಅಂದೆ. ಆಸ್ಪತ್ರೆಯಲ್ಲಿ ಮೂರು ದಿನ ಕೂತಿದ್ದ ಅವನು. ನಾನೇ ಮನೆಗೆ ಹೋಗಿ ಸ್ನಾನ ಮಾಡಿ ಬಾ ಅಂತ ಕಳಿಸಿದ್ದು. ಅವನು ಹೋದ ಅರ್ಧ ಗಂಟೆಗೆ ಅಮ್ಮ ಹೋದಳು."

ನಾನು ಜಾಕೆಟ್ಟಿನ ಮಡಿಕೆ ಸರಿಮಾಡಿದೆ.

ಏಳನೇ ಇನ್ನಿಂಗ್ಸ್ ಹೋಯಿತು. ಎಂಟನೆಯದರಲ್ಲಿ ನಮ್ಮವರು ಒಂದು ರನ್ ಹಿಂದೆ, ಎರಡು ಬೇಸಿನಲ್ಲಿ ಜನ, ಬ್ಯಾಟಿಗೆ ನಮ್ಮ ತಂಡದಲ್ಲೇ ದೊಡ್ಡ ಹೊಡೆತಗಾರ. ಇಡೀ ಮೈದಾನ ತುದಿಗಾಲಲ್ಲಿ. ಆಕೆ ಪುಸ್ತಕ ಮುಚ್ಚಿ ನನ್ನ ತೊಡೆಯ ಮೇಲೆ ಇಟ್ಟು ಎದ್ದಳು.

"ಉಳಿದಿದ್ದು ನೀನು ಬರಿ."

"ಎಲ್ಲಿಗೆ?" ಅಂದೆ. ಕೇಳಬಾರದೆಂದು ಗೊತ್ತಿದ್ದೂ ಬಾಯಿಂದ ಬಂತು.

"ಅವನು ಕಾರು ನಿಲ್ಲಿಸೋದು ಒಂದೇ ಜಾಗ. ಮಂಡಿ ನೋವು ಅವನಿಗೆ, ನಿಧಾನ ನಡೀತಾನೆ. ಅಲ್ಲಿಲ್ಲದಿದ್ರೆ ಮನೆಗೇ ಹೋಗ್ತೀನಿ."

"ಬ್ಯಾಟರ್ ನಿಂತಿದಾನೆ."

"ನಿಲ್ಲಲಿ."

ಹಿಂದಿನವರು ಕೂಗಿದರು. ಆಕೆ ತಿರುಗಿ ಬಸ್ಸಿನ ದನಿಯಲ್ಲಿ ಏನೋ ಒಂದು ಅಂದಳು, ಅದನ್ನು ಮಾತ್ರ ಕನ್ನಡಕ್ಕೆ ತರಲಾರೆ. ನಾಲ್ಕು ಸಾಲೂ ತೆಪ್ಪಗಾಯಿತು. ಅಮ್ಮ ಹಿಂದಿನಿಂದ, "ಹೋಗಲಿ ಬಿಡು, ಹೋಗಿ ಬರಲಿ" ಅಂದರು, ಯಾರಿಗೂ ಅಲ್ಲದ ಹಾಗೆ.

ಮುಂದಿನ ಶನಿವಾರ ಆಟಕ್ಕೆ ಒಂದು ಗಂಟೆ ಮೊದಲೇ ಹೋಗಿ ಕೂತೆ. ತೊಡೆಯ ಮೇಲೆ ಪುಸ್ತಕ. ಆ ವಾರ ನಾನು ಮಾಡಿದ ಕೋಬಾಲ್ ತಿದ್ದುಪಡಿಗಳಲ್ಲಿ ಎಷ್ಟು ತಪ್ಪಿತ್ತೋ ದೇವರಿಗೇ ಗೊತ್ತು. ಆಕೆ ಬರುವುದಿಲ್ಲ ಎಂದೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಮೊದಲ ಚೆಂಡು ಬೀಳುವ ಮುಂಚೆ ಮೆಟ್ಟಿಲ ಬಾಯಲ್ಲಿ ಜಗಳ ಕೇಳಿಸಿತು.

"ಲಿಫ್ಟ್ ಇದೆ ಅಂದ್ರೆ ಕೇಳಲ್ಲ!"

"ಮೂವತ್ತು ವರ್ಷ ಹತ್ತಿದೀನಿ, ಇವತ್ತೇನು ಲಿಫ್ಟು!"

ಇಬ್ಬರೂ ಬಂದರು. ಆಕೆ ತನ್ನ ಸೀಟಿಗೆ ಹೋದಳು. ತಮ್ಮ ನಮ್ಮ ನಡುವೆ ಕೂತ. ದಪ್ಪ ಮನುಷ್ಯ, ಆತ ಕೂತ ಮೇಲೆ ಆಕೆ ನನಗೆ ಕಾಣಿಸಲೇ ಇಲ್ಲ. ಬಗ್ಗಿದರೆ ಮೂಗಿನ ತುದಿ ಕಾಣುತ್ತಿತ್ತು. ಪುಸ್ತಕ ಕೊಟ್ಟೆ. ಆತ ಕೊನೆಯ ಪುಟ ತೆರೆದು, "ಇದ್ಯಾರು ಬರೆದಿದ್ದು? ಕೋಳಿ ಕೆದರಿದ ಹಾಗಿದೆ" ಅಂದ. "ಪಾಪ, ಕಲೀತಿದಾನೆ, ಬಿಡು" ಅಂದಳು ಆಕೆ. ಆತ ನನ್ನ ಕಡೆ ತಿರುಗಿ ಕೈ ಕುಲುಕಿ, "ಹೋದ ವಾರ ನನ್ನ ಸೀಟಿನಲ್ಲಿದ್ದ ರೇಷ್ಮೆ ಸೀರೆಯವರು ನಿಮ್ಮ ತಾಯಿಯಾ?" ಅಂತ ಕೇಳಿದ. ಅಲ್ಲ ಅಂದೆ. "ನಾನು ಇವಳು ಸೀಟು ಮಾರಿಬಿಟ್ಟಳು ಅಂದ್ಕೊಂಡೆ" ಅಂತ ನಕ್ಕ.

ಅಷ್ಟೇ ನಮ್ಮಿಬ್ಬರ ಮಾತು. ಆಮೇಲೆ ಅಕ್ಕ, ತಮ್ಮ ಶುರು ಮಾಡಿದರು. ನಾಲ್ಕು ವರ್ಷದ ಆಟಗಳೆಲ್ಲ ಬಾಕಿ ಬಿದ್ದಿದ್ದವಲ್ಲ. ಯಾವನನ್ನು ಯಾಕೆ ಮಾರಿದರು, ಯಾವ ಕೋಚ್‌ಗೆ ತಲೆ ಇರಲಿಲ್ಲ, ಅವರ ಅಪ್ಪ ಯಾವ ಪಿಚರ್‌ಗೆ ಏನಂತ ಬೈಯುತ್ತಿದ್ದ. ನನಗೆ ತಲೆಬುಡ ತಿಳಿಯಲಿಲ್ಲ. ನಾಲ್ಕನೇ ಇನ್ನಿಂಗ್ಸಿನಲ್ಲಿ ನಮ್ಮ ರನ್ನರ್ ಒಬ್ಬನನ್ನು ಯಾಕೆ ಔಟ್ ಕೊಟ್ಟರೆಂದು ಅರ್ಥವಾಗದೆ ಕೇಳಿದೆ. ಇಬ್ಬರೂ ಒಟ್ಟಿಗೆ ಉತ್ತರ ಹೇಳಿದರು. ಒಬ್ಬರ ಉತ್ತರ ಇನ್ನೊಬ್ಬರಿಗೆ ಒಪ್ಪಿಗೆಯಾಗಲಿಲ್ಲ. ಆ ವಾದ ಆರನೆಯ ಇನ್ನಿಂಗ್ಸಿನ ತನಕ ನಡೆಯಿತು. ನಾನು ಕೇಳಿದ್ದೆ ಎಂಬುದು ಇಬ್ಬರಿಗೂ ಮರೆತಿತ್ತು.

ಸಂತೋಷವಾಗಿತ್ತು ನನಗೆ, ಸುಳ್ಳು ಹೇಳುವುದಿಲ್ಲ. ಆಕೆಯ ನಗುವನ್ನು ನಾನು ಅಲ್ಲಿಯ ತನಕ ಕೇಳಿಯೇ ಇರಲಿಲ್ಲ. ಅದೂ ಬಸ್ಸಿನ ಹಾರನ್ನಿನ ಹಾಗೇ ಇತ್ತು. ಆದರೆ ಆ ಸಂತೋಷವನ್ನು ಹೇಳಿಕೊಳ್ಳೋಣವೆಂದರೆ ನನಗಿದ್ದವಳು ಆಕೆ ಒಬ್ಬಳೇ. ಎಡಗಡೆ ಒಬ್ಬ ಹುಡುಗ ಇಯರ್‌ಫೋನ್ ಹಾಕಿಕೊಂಡು ರೇಡಿಯೋ ಕೇಳುತ್ತಿದ್ದ. ನಾನು ಆಟ ನೋಡಿದೆ. ಬದಲಿ ಕ್ಯಾಚರ್ ಅವತ್ತು ಆಡಲಿಲ್ಲ.

ಕೊನೆಯ ಔಟ್ ಆಯಿತು, ಸೋತೆವು. ಜನ ಎದ್ದರು. ಅವರಿಬ್ಬರು ಏಳಲಿಲ್ಲ, ಪುಸ್ತಕದ ಮೇಲೆ ತಲೆಗೆ ತಲೆ ಕೊಟ್ಟು ಕೂತಿದ್ದರು. ಆ ಸೀಸನ್ನಿನಲ್ಲಿ ಅದು ನನ್ನ ಕೊನೆಯ ಶನಿವಾರ. ಫೆಬ್ರವರಿಗೆ ಪ್ರಾಜೆಕ್ಟ್ ಮುಗಿದು ಊರಿಗೆ ಹೊರಡುವುದಿತ್ತು, ವಿಮಾನದ ಟಿಕೆಟ್ಟೂ ಆಗಿತ್ತು. ಅದನ್ನು ಹೇಳಬೇಕೆಂದು ರೈಲಿನಲ್ಲಿ ಇಂಗ್ಲಿಷ್ ವಾಕ್ಯ ಜೋಡಿಸಿಕೊಂಡು ಬಂದಿದ್ದೆ.

"ಬರ್ತೀನಿ" ಅಂದೆ.

"ಏಪ್ರಿಲ್‌ನಲ್ಲಿ ಸಿಗೋಣ" ಅಂದಳು, ಪುಸ್ತಕದಿಂದ ತಲೆ ಎತ್ತದೆ. ತಮ್ಮ ಟೋಪಿ ಮುಟ್ಟಿದ.

"ಸರಿ" ಅಂದೆ. ಮೆಟ್ಟಿಲಿಳಿದು ಇಳಿಜಾರಿನ ಹಾದಿಗೆ ಬಂದೆ. ಮೇಲಿನಿಂದ ಆಕೆ ತಮ್ಮನನ್ನು ಬೈಯುವುದು ಕೇಳಿಸುತ್ತಿತ್ತು, ನಾಲ್ಕನೇ ಇನ್ನಿಂಗ್ಸಿನ ಆ ಔಟಿನ ವಿಷಯಕ್ಕೇ. ಎರಡನೇ ಸುತ್ತು ಇಳಿಯುವ ತನಕ ಕೇಳಿಸಿತು.